ಕೆಂಪು ಶಾಯಿಯ ಅಂಚೆ

ಹೋದ ಜೂನ್ ತಿಂಗಳ ಒಂದು ಮಧ್ಯಾಹ್ನ ಹೈದರಾಬಾದಿನ ಕಾಲೇಜೊಂದರ ಮೂರನೇ ಮಹಡಿಯಲ್ಲಿ ಪರೀಕ್ಷೆಗೆ ಕೂತಿದ್ದೆ. ನನಗೆ ನಲವತ್ತನಾಲ್ಕು. ಬೆಂಚು ಹದಿನೇಳರ ಹುಡುಗರಿಗೆಂದು ಮಾಡಿಸಿದ್ದು, ಮೊಣಕಾಲು ಡೆಸ್ಕಿನ ಕೆಳಗೆ ತೂರಲೇ ಇಲ್ಲ. ಎಡಗಡೆ ಡ್ಯೂಟಿ ಮುಗಿಸಿ ಯೂನಿಫಾರಂನಲ್ಲೇ ಬಂದ ಮಹಿಳಾ ಕಾನ್‌ಸ್ಟೆಬಲ್. ಮುಂದೆ ಬಿಳಿ ಗಡ್ಡದ ಹಿರಿಯರು. ಹಿಂದಿನ ಬೆಂಚಿನ ಹುಡುಗ ಊಟ ತಲುಪಿಸುವ ಕೆಲಸದವನು, ತನ್ನ ದೊಡ್ಡ ಚೌಕದ ಬ್ಯಾಗನ್ನು ಕಾರಿಡಾರಿನಲ್ಲಿ ಗೋಡೆಗೆ ಒರಗಿಸಿ ಬಂದಿದ್ದ. ಮೇಲ್ವಿಚಾರಕರಾಗಿ ಬಂದ ಹುಡುಗಿ ನನ್ನನ್ನು ನೋಡಿ ಯಾರೋ ಅಧಿಕಾರಿ ತಪಾಸಣೆಗೆ ಬಂದಿದ್ದಾರೆಂದು ಒಂದು ಕ್ಷಣ ಗಾಬರಿಯಾದಳು, ಆಮೇಲೆ ಹಾಲ್ ಟಿಕೆಟ್ ಕೇಳಿದಳು. ಕೀಬೋರ್ಡಿಗೆ ಒಗ್ಗಿದ ಬೆರಳು, ಮೂರು ಗಂಟೆ ಬರೆಯುವಷ್ಟರಲ್ಲಿ ಮರಗಟ್ಟಿ ಹೋಯಿತು.

ಹೊರಗೆ ಬಂದವನೇ ಅರಸೀಕೆರೆಗೆ ಫೋನ್ ಮಾಡಿದೆ.

"ಎಷ್ಟು ಪ್ರಶ್ನೆ ಬಿಟ್ಟೆ?" ಅಮ್ಮ ಕೇಳಿದರು.

"ಒಂದೂ ಬಿಟ್ಟಿಲ್ಲಮ್ಮ."

"ಬಿಡದೆ ಬರೆಯೋದು ಬೇರೆ, ಸರಿಯಾಗಿ ಬರೆಯೋದು ಬೇರೆ ಕಣೋ."

ಅವರಿಗೆ ಹಾಗೆ ಹೇಳುವ ಹಕ್ಕಿದೆ. 1986ರಿಂದ 1989ರವರೆಗೆ, ನಾನು ಅಕ್ಷರ ಕಲಿಯುತ್ತಿದ್ದ ಹೊತ್ತಿನಲ್ಲಿ, ಪ್ರಾಥಮಿಕ ಶಾಲೆಯ ಮೇಡಂ ಆಗಿದ್ದ ನಮ್ಮಮ್ಮ ಮೈಸೂರು ವಿಶ್ವವಿದ್ಯಾಲಯದ ಅಂಚೆ ಶಿಕ್ಷಣದಲ್ಲಿ ಬಿ.ಎ. ಮಾಡಿದವರು. ಎಂ.ಟೆಕ್. ಮಾಡಿ, ಇಪ್ಪತ್ತು ವರ್ಷ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿದು, ಈಗ ಇತಿಹಾಸದ ಎಂ.ಎ.ಗೆ ದೂರಶಿಕ್ಷಣದಲ್ಲಿ ಸೇರಿರುವ ನಾನು ಆ ಮಟ್ಟಿಗೆ ಮನೆಯ ಎರಡನೇ ತಲೆಮಾರಿನ ವಿದ್ಯಾರ್ಥಿ. ಆದರೆ ನಡುವಿನ ಬಹಳ ವರ್ಷ ಅಮ್ಮನ ಪದವಿಯನ್ನು ಪದವಿ ಎಂದು ನಾನು ಮನಸ್ಸಿನಲ್ಲಿ ಲೆಕ್ಕಕ್ಕೆ ಇಟ್ಟಿರಲಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನಗೆ ನೆನಪಿರುವುದು ಪಾಠಗಳ ಕಟ್ಟು. ಎರಡೂ ತುದಿ ತೆರೆದ ಕಂದು ಲಕೋಟೆ, ಮೇಲೆ 'ಬುಕ್ ಪೋಸ್ಟ್' ಎಂಬ ಮುದ್ರೆ. ಒಳಗೆ ಒರಟು ಕಾಗದದಲ್ಲಿ ಅಚ್ಚಾದ, ರಟ್ಟಿಲ್ಲದ, ಪಿನ್ನು ಹೊಡೆದ ಪಾಠಗಳು. ಅಂಚೆಯಣ್ಣ ಅದನ್ನು ಜಗಲಿಯ ಮೇಲೆ ಧಪ್ಪೆಂದು ಹಾಕಿ "ಮೇಡಂಗೆ ಯೂನಿವರ್ಸಿಟಿ ಬಂತು" ಎನ್ನುತ್ತಿದ್ದ. ರಾತ್ರಿ ಪಾತ್ರೆ ತೊಳೆದು, ನಾಳೆಯ ದೋಸೆಗೆ ರುಬ್ಬಿಟ್ಟು, ನಾವು ಮಲಗಿದ ಮೇಲೆ ಅಮ್ಮನ ತರಗತಿ ಶುರು. ಕರೆಂಟು ಹೋಗುವುದು ಮಾಮೂಲು, ಲಾಟೀನು ಪಕ್ಕದಲ್ಲೇ ಇರುತ್ತಿತ್ತು. ಪಾಠದ ಕೊನೆಯ ಪ್ರಶ್ನೆಗಳಿಗೆ ಉದ್ದ ಹಾಳೆಗಳಲ್ಲಿ ಉತ್ತರ ಬರೆದು ಮೈಸೂರಿಗೆ ಕಳಿಸುತ್ತಿದ್ದರು. ಕೆಲವು ವಾರಕ್ಕೆ ಅದೇ ಹಾಳೆಗಳು ಕೆಂಪು ಶಾಯಿ ಹೊತ್ತು ತಿರುಗಿ ಬರುತ್ತಿದ್ದವು. ಬೇಸಗೆ ರಜೆಯಲ್ಲಿ ಸಂಪರ್ಕ ತರಗತಿಗೆಂದು ಅಮ್ಮ ಮೈಸೂರಿಗೆ ಹೋದರೆ ನಾವು ಅಜ್ಜಿಯ ಮನೆಯಲ್ಲಿ. ಊರಲ್ಲಿ ಕೆಲವರಿಗೆ ಇದು ತಮಾಷೆಯ ವಿಷಯವಾಗಿತ್ತು. ಎರಡು ಮಕ್ಕಳಾದ ಮೇಲೆ ಬಿ.ಎ. ಯಾತಕ್ಕೆ ಎಂದು ಎದುರಿಗೇ ಕೇಳಿದವರಿದ್ದರು.

ಅಪ್ಪ ತೀರಿಕೊಂಡ ಮೇಲೆ, ಮೂರು ವರ್ಷದ ಹಿಂದೆ, ಊರಿನ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಆ ಕಟ್ಟು ಸಿಕ್ಕಿತು. ಪಾಠಗಳನ್ನು ಗೆದ್ದಲು ಅರ್ಧ ಓದಿ ಮುಗಿಸಿತ್ತು. ಉತ್ತರದ ಹಾಳೆಗಳು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿದ್ದವು. ಕರ್ನಾಟಕದ ನೀರಾವರಿ ಕುರಿತ ಒಂದು ಉತ್ತರದ ಕೆಳಗೆ, ಹೆಸರು ಹಾಕದ ಯಾರೋ ಮೇಷ್ಟರು ಹೀಗೆ ಬರೆದಿದ್ದರು: 'ಪಾಠದಲ್ಲಿರುವುದನ್ನು ಸರಿಯಾಗಿ ಬರೆದಿದ್ದೀರಿ. ನಿಮ್ಮ ಊರಿನ ಕೆರೆಯನ್ನು ಯಾರು ಕಟ್ಟಿಸಿದರು?' ಮುಂದಿನ ಕಟ್ಟಿನಲ್ಲಿ ಅಮ್ಮ ಎರಡು ಹಾಳೆ ಹೆಚ್ಚಿಗೆ ಬರೆದಿದ್ದರು. ಕೆರೆಯ ತೂಬಿನ ಹತ್ತಿರ ಒಂದು ಶಾಸನದ ಕಲ್ಲಿದೆ, ಅದರ ಮೇಲೆ ಜನ ಬಟ್ಟೆ ಒಗೆಯುತ್ತಾರೆ, ಲಿಪಿ ಓದಲು ತಮಗೆ ಬರುವುದಿಲ್ಲ, ಕಾಗದ ಇಟ್ಟು ಇದ್ದಿಲಿನಿಂದ ಉಜ್ಜಿ ತೆಗೆದ ಪಡಿಯಚ್ಚನ್ನು ಜೊತೆಗಿಟ್ಟಿದ್ದೇನೆ, ಎಂದು. ಅದಕ್ಕೆ ಅಂಕವಿಲ್ಲ. ಮೇಷ್ಟರ ಉತ್ತರ ಒಂದೇ ಸಾಲು: 'ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ, ಹಾಸನ ಸಂಪುಟ, ಸಿಕ್ಕರೆ ನೋಡಿ.' ಅರಸೀಕೆರೆಯಲ್ಲಿ ಅದು ಅಮ್ಮನಿಗೆ ಸಿಗಲಿಲ್ಲ.

ಆ ಹಾಳೆಗಳನ್ನು ಓದಿದ ತಿಂಗಳೇ ನಾನು ಎಂ.ಎ.ಗೆ ಅರ್ಜಿ ಹಾಕಿದ್ದು.

ಅಂಚೆಯಲ್ಲಿ ಪಾಠ ಹೇಳುವ ವಿದ್ಯೆಯ ಇತಿಹಾಸ ಹುಡುಕುತ್ತ ಹೋದರೆ ಮೊದಲು ಸಿಗುವುದು ಸಾಮಾನ್ಯವಾಗಿ ಒಂದು ಜಾಹೀರಾತು. 1728ರ ಮಾರ್ಚ್‌ನಲ್ಲಿ 'ಬಾಸ್ಟನ್ ಗೆಜೆಟ್' ಪತ್ರಿಕೆಯಲ್ಲಿ ಕೇಲೆಬ್ ಫಿಲಿಪ್ಸ್ ಎಂಬಾತ, ಹಳ್ಳಿಗಳಲ್ಲಿರುವವರಿಗೂ ವಾರವಾರ ಪಾಠ ಕಳಿಸಿ ಶೀಘ್ರಲಿಪಿ ಕಲಿಸುತ್ತೇನೆಂದು ಹೇಳಿಕೊಂಡಿದ್ದ. ನನ್ನ ಮಟ್ಟಿಗೆ ನಿಜವಾದ ಆರಂಭ ಅದಲ್ಲ, 1840ರ ಇಂಗ್ಲೆಂಡ್. ಆ ವರ್ಷ ಜನವರಿಯಲ್ಲಿ ದೇಶದ ಯಾವ ಮೂಲೆಗಾದರೂ ಒಂದು ಪೆನ್ನಿಗೆ ಕಾಗದ ಹೋಗುವ ಅಂಚೆ ಪದ್ಧತಿ ಬಂತು. ಬಾತ್ ಊರಿನ ಐಸಾಕ್ ಪಿಟ್‌ಮನ್ ತನ್ನ ಶೀಘ್ರಲಿಪಿಯನ್ನೆಲ್ಲ ಒಂದು ಪುಟ್ಟ ಹಾಳೆಗೆ ಇಳಿಸಿ ಮಾರಿದ. ಕಲಿಯುವವರು ಬೈಬಲ್ಲಿನ ಭಾಗಗಳನ್ನು ಆ ಲಿಪಿಯಲ್ಲಿ ಬರೆದು ಅಂಚೆಗೆ ಹಾಕಬೇಕು, ಆತ ಅದನ್ನು ತಿದ್ದಿ ಹಿಂತಿರುಗಿಸಬೇಕು. ಕೆಲಸ ಕೈಮೀರಿದಾಗ, 1843ರಲ್ಲಿ, ಬಂದ ಕಾಗದಗಳನ್ನು ತಿದ್ದಿಕೊಡುವುದಕ್ಕೆಂದೇ ಬಲ್ಲವರ ಒಂದು ಸಂಘ ಹುಟ್ಟಿತು.

ಪಾಠ ಕಳಿಸುವುದು ದೊಡ್ಡ ಸಂಗತಿಯಲ್ಲ, ಪುಸ್ತಕವೂ ಅದನ್ನೇ ಮಾಡುತ್ತದೆ. ಬರೆದದ್ದನ್ನು ಯಾರೋ ಓದಿ, ತಪ್ಪಿಗೆ ಗುರುತು ಹಾಕಿ ಹಿಂತಿರುಗಿಸುತ್ತಾರಲ್ಲ, ಹೊಸತು ಅದು. ಸಾಫ್ಟ್‌ವೇರಿನಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಿವ್ಯೂ ಇಲ್ಲದ ಕೋಡ್ ಎಷ್ಟು ದಿನ ಬರೆದರೂ ಕೈ ಪಳಗುವುದಿಲ್ಲ.

ಇದಕ್ಕೆ ತೀರಾ ವಿರುದ್ಧವಾದ ಇನ್ನೊಂದು ದಾರಿಯೂ ಅದೇ ಶತಮಾನದಲ್ಲಿ ತೆರೆಯಿತು. 1858ರ ಹೊಸ ಸನ್ನದಿನಂತೆ ಲಂಡನ್ ವಿಶ್ವವಿದ್ಯಾಲಯ, ವೈದ್ಯಕೀಯ ಬಿಟ್ಟು ಉಳಿದ ಪರೀಕ್ಷೆಗಳನ್ನು ಯಾವ ಕಾಲೇಜಿಗೂ ಸೇರದವರಿಗೆ ಬಿಟ್ಟುಕೊಟ್ಟಿತು. ಎಲ್ಲಾದರೂ ಓದಿ, ಹೇಗಾದರೂ ಓದಿ, ಪರೀಕ್ಷೆಗೆ ಬನ್ನಿ. ಇದು ದೊಡ್ಡ ಉಪಕಾರ, ಅನುಮಾನವಿಲ್ಲ. ನೂರು ವರ್ಷ ಕಳೆದ ಮೇಲೆ ರಾಬೆನ್ ದ್ವೀಪದ ಸೆರೆಮನೆಯಲ್ಲಿ ಕೂತು ನೆಲ್ಸನ್ ಮಂಡೇಲಾ ಕಾನೂನು ಓದಲು ಹೊರಟದ್ದು ಇದೇ ಲಂಡನ್ನಿನ ಬಾಹ್ಯ ವಿದ್ಯಾರ್ಥಿಯಾಗಿ. ಕೊನೆಗೆ 1989ರಲ್ಲಿ ಅವರಿಗೆ ಎಲ್‌ಎಲ್.ಬಿ. ಸಿಕ್ಕಿದ್ದು ದಕ್ಷಿಣ ಆಫ್ರಿಕಾದ್ದೇ ದೂರಶಿಕ್ಷಣ ವಿಶ್ವವಿದ್ಯಾಲಯ ಯುನಿಸಾದಿಂದ. ನಮ್ಮಮ್ಮ ಬಿ.ಎ. ಮುಗಿಸಿದ ವರ್ಷವೇ. ಇದನ್ನು ಹೇಳಿದಾಗ ಅಮ್ಮ ಎರಡು ದಿನ ಖುಷಿಯಲ್ಲಿದ್ದರು.

ಆದರೆ ಲಂಡನ್ನಿನ ಪದ್ಧತಿಯಲ್ಲಿ ತಿದ್ದುವ ಕೈ ಇಲ್ಲ, ತೂಗುವ ತಕ್ಕಡಿ ಮಾತ್ರ. ನಮ್ಮ ದೇಶಕ್ಕೆ ಬಂದದ್ದು ಆ ತಕ್ಕಡಿ. 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದ್ರಾಸುಗಳಲ್ಲಿ ಹುಟ್ಟಿದ ವಿಶ್ವವಿದ್ಯಾಲಯಗಳಿಗೆ ಮಾದರಿ ಲಂಡನ್. ಪಾಠ ಕಾಲೇಜುಗಳದ್ದು, ಪರೀಕ್ಷೆ ಮತ್ತು ಪದವಿ ವಿಶ್ವವಿದ್ಯಾಲಯದ್ದು. 'ರೆಗ್ಯುಲರ್' ಓದಿದವರು ದೂರಶಿಕ್ಷಣದವರನ್ನು ನೋಡಿ ಮೂಗು ಮುರಿಯುವಾಗ ನನಗೆ ಇದು ನೆನಪಾಗುತ್ತದೆ. ತನಗೆ ಅಂಕ ಕೊಟ್ಟವರ ಮುಖವನ್ನು ರೆಗ್ಯುಲರ್ ಡಿಗ್ರಿಯವರಲ್ಲಿ ಎಷ್ಟು ಜನ ನೋಡಿದ್ದಾರೆ?

ಮೈಸೂರಿನದು ಇಲ್ಲಿ ಸ್ವಲ್ಪ ಬೇರೆ ಕಥೆ. 1916ರಲ್ಲಿ ಹುಟ್ಟಿದ ಆ ವಿಶ್ವವಿದ್ಯಾಲಯ 1930ರ ದಶಕದಲ್ಲೇ ಅಧ್ಯಾಪಕರನ್ನು ಊರೂರಿಗೆ ಕಳಿಸಿ ಕನ್ನಡದಲ್ಲಿ ಉಪನ್ಯಾಸ ಮಾಡಿಸಿತು, ಆ ಉಪನ್ಯಾಸಗಳನ್ನು ಅಗ್ಗದ ಬೆಲೆಯ ಚಿಕ್ಕ ಪುಸ್ತಕಗಳಾಗಿ ಪ್ರಚಾರೋಪನ್ಯಾಸ ಮಾಲೆಯಲ್ಲಿ ಅಚ್ಚು ಹಾಕಿತು. ಯಾವ ಪರೀಕ್ಷೆಯೂ ಇಲ್ಲದೆ ವಿಶ್ವವಿದ್ಯಾಲಯ ಊರಿಗೆ ಬಂದದ್ದು ಅದು. ಹಳೆಯ ಮನೆಗಳ ಗೂಡಿನಲ್ಲಿ ಅಂಗೈ ಅಗಲದ ಆ ಪುಸ್ತಕಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಮುಂಬಯಿಯ ಓದುಗರಿಗಂತೂ ಹೋಟೆಲಿನಲ್ಲಿ ಹಗಲೆಲ್ಲ ದುಡಿದು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಹುಡುಗರ ಕಥೆ ನಾನು ಹೇಳಬೇಕಿಲ್ಲ.

ಅಂಚೆ ಶಿಕ್ಷಣ ಪದವಿಯ ಮಟ್ಟದಲ್ಲಿ ಭಾರತಕ್ಕೆ ಬಂದದ್ದು 1962ರಲ್ಲಿ, ದೆಹಲಿ ವಿಶ್ವವಿದ್ಯಾಲಯದ ಮೂಲಕ. ಡಿ.ಎಸ್. ಕೊಠಾರಿ ಅಧ್ಯಕ್ಷತೆಯ ಸಮಿತಿಯ ಸಲಹೆ ಅದರ ಹಿಂದಿತ್ತು. ಅದೇ ಕೊಠಾರಿಯವರ 1964-66ರ ಶಿಕ್ಷಣ ಆಯೋಗ, 1986ರ ಹೊತ್ತಿಗೆ ಉನ್ನತ ಶಿಕ್ಷಣದ ಮೂರನೇ ಒಂದು ಭಾಗ ವಿದ್ಯಾರ್ಥಿಗಳು ಅಂಚೆ ಪಾಠ ಮತ್ತು ಸಂಜೆ ಕಾಲೇಜುಗಳಲ್ಲಿರಬಹುದು ಎಂದು ಲೆಕ್ಕ ಹಾಕಿತು. ಮೈಸೂರು ವಿಶ್ವವಿದ್ಯಾಲಯದ ಅಂಚೆ ಶಿಕ್ಷಣ ಸಂಸ್ಥೆ 1969-70ರಲ್ಲಿ ಶುರುವಾಯಿತು. ಕಟ್ಟಡ ಬೇಡ, ಬೆಂಚು ಬೇಡ, ಹಾಸ್ಟೆಲ್ ಬೇಡ, ಶುಲ್ಕ ಮಾತ್ರ ಬರುತ್ತದೆ. ಇದು ಲಾಭದ ವ್ಯವಹಾರ ಎಂಬುದು ದೇಶದ ವಿಶ್ವವಿದ್ಯಾಲಯಗಳಿಗೆ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಪಾಠ ಅಚ್ಚು ಹಾಕುವ ಖರ್ಚು ಸಂಖ್ಯೆ ಹೆಚ್ಚಿದಷ್ಟೂ ತಲೆಗೆ ಇಳಿಯುತ್ತದೆ. ತಿದ್ದುವ ಖರ್ಚು ಮಾತ್ರ ತಲೆಗೆ ಇಷ್ಟು ಎಂದು ಇದ್ದಷ್ಟೇ ಇರುತ್ತದೆ. ಬಜೆಟ್ ನೋಡುವ ಯಾವನಿಗಾದರೂ ಗೊತ್ತು, ಕತ್ತರಿ ಮೊದಲು ಎಲ್ಲಿ ಬೀಳುತ್ತದೆಂದು.

ಈ ಕತ್ತರಿಗೆ ಗಟ್ಟಿ ಉತ್ತರ ಕೊಟ್ಟದ್ದು ಬ್ರಿಟನ್ನಿನ ಓಪನ್ ಯೂನಿವರ್ಸಿಟಿ. 1963ರಲ್ಲಿ ಗ್ಲಾಸ್ಗೋದ ಭಾಷಣವೊಂದರಲ್ಲಿ ಹೆರಾಲ್ಡ್ ವಿಲ್ಸನ್ ಆಡಿದ ಮಾತನ್ನು, ಸಚಿವೆ ಜೆನ್ನಿ ಲೀ ಹಠ ಹಿಡಿದು ಸಂಸ್ಥೆಯಾಗಿಸಿದರು. ಆಕೆ ಸ್ಕಾಟ್ಲೆಂಡಿನ ಗಣಿ ಕಾರ್ಮಿಕನ ಮಗಳು. 1969ರಲ್ಲಿ ಸನ್ನದು, 1971ರ ಜನವರಿಯಲ್ಲಿ ಮೊದಲ ತಂಡದ ಪಾಠ. ಸೇರಲು ಹಿಂದಿನ ಯಾವ ಪ್ರಮಾಣಪತ್ರವೂ ಬೇಡ. ಎಲ್ಲರಿಗೂ ನೆನಪಿರುವುದು ಅದರ ಟಿ.ವಿ. ಪಾಠಗಳು, ಬಿಬಿಸಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿದ್ದವು, 2006ರಲ್ಲಿ ನಿಂತವು. ನನಗೆ ಮುಖ್ಯ ಅನಿಸುವುದು ಅದಲ್ಲ. ಊರೂರಲ್ಲಿ ನೇಮಿಸಿದ ಟ್ಯೂಟರುಗಳು ಮತ್ತು ಅವರು ತಿದ್ದುವ ಅಸೈನ್‌ಮೆಂಟು. ಟ್ಯೂಟರ್ ಮಾರ್ಕ್ಡ್ ಅಸೈನ್‌ಮೆಂಟ್, ಟಿ.ಎಂ.ಎ. ಎಂಬ ಆ ಹೆಸರು ಸಮುದ್ರ ದಾಟಿ ನಮ್ಮಲ್ಲಿಗೂ ಬಂತು. ಹೆಸರಿನ ಜೊತೆ ಟ್ಯೂಟರೂ ಬಂದರೇ ಎಂಬುದು ಬೇರೆ ಪ್ರಶ್ನೆ.

ಭಾರತದ ಮೊದಲ ಮುಕ್ತ ವಿಶ್ವವಿದ್ಯಾಲಯ ಹುಟ್ಟಿದ್ದು ನಾನೀಗ ಇರುವ ರಾಜ್ಯದಲ್ಲೇ, 1982ರಲ್ಲಿ, ಆಂಧ್ರ ಪ್ರದೇಶ ಮುಕ್ತ ವಿಶ್ವವಿದ್ಯಾಲಯ ಎಂಬ ಹೆಸರಿನಲ್ಲಿ. 1991ರಿಂದ ಅದು ಡಾ. ಬಿ.ಆರ್. ಅಂಬೇಡ್ಕರ್ ಮುಕ್ತ ವಿಶ್ವವಿದ್ಯಾಲಯ. ಶಾಲೆಯ ಮೆಟ್ಟಿಲು ಹತ್ತದವರೂ ಒಂದು ಪ್ರವೇಶ ಪರೀಕ್ಷೆ ಬರೆದು ಬಿ.ಎ.ಗೆ ಸೇರಬಹುದು ಎಂದದ್ದು ಅದು. ಕಟ್ಟಿದವರು ಜಿ. ರಾಮ್ ರೆಡ್ಡಿ, ಉಸ್ಮಾನಿಯಾದ ಕುಲಪತಿಯಾಗಿದ್ದ ರಾಜ್ಯಶಾಸ್ತ್ರದ ಪ್ರೊಫೆಸರ್. 1985ರಲ್ಲಿ ಸಂಸತ್ತಿನ ಕಾಯಿದೆಯಿಂದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಬಂದಾಗ ಅದರ ಮೊದಲ ಕುಲಪತಿಯೂ ಅವರೇ. ಇಗ್ನೋ 1987ರಲ್ಲಿ ಎರಡೇ ಡಿಪ್ಲೊಮಾಗಳಿಂದ, 4,528 ವಿದ್ಯಾರ್ಥಿಗಳಿಂದ ಶುರುವಾಯಿತು. ಅದರ ಮೊದಲ ಡಿಪ್ಲೊಮಾಗಳಲ್ಲಿ ಒಂದು ದೂರಶಿಕ್ಷಣವನ್ನೇ ಕಲಿಸುವಂಥದ್ದು. ಅಂದರೆ ಮೊದಲು ಮೇಷ್ಟರನ್ನು ತಯಾರು ಮಾಡೋಣ ಎಂಬ ಲೆಕ್ಕ. ನನಗೆ ಈ ಲೆಕ್ಕ ಬಹಳ ಹಿಡಿಸಿತು.

ಕರ್ನಾಟಕದಲ್ಲಿ ಅಮ್ಮ ಓದಿದ ಸಂಸ್ಥೆಯೇ 1996ರ ಜೂನ್ 1ರಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಮುಂದೆ ಅದು ರಾಜ್ಯದ ಗಡಿಯಾಚೆ, ಬೇರೆ ಸಂಸ್ಥೆಗಳ ಸಹಯೋಗದಲ್ಲಿ ಕೋರ್ಸುಗಳನ್ನು ಹರಡಿದ್ದು, ಯುಜಿಸಿ ಮಾನ್ಯತೆ 2012-13ರ ಆಚೆಗೆ ನಿಂತುಹೋದದ್ದು, 2018ರಲ್ಲಿ ಮತ್ತೆ ಸಿಕ್ಕಿದ್ದು ಪತ್ರಿಕೆಗಳಲ್ಲಿ ಬಂದ ವಿಷಯ. ಆ ಸುದ್ದಿ ಬಂದಾಗ ಅಮ್ಮ ಫೋನ್ ಮಾಡಿ, "ನಂದು ನಡೆಯುತ್ತೋ ಇಲ್ವೋ ಈಗ?" ಎಂದು ಕೇಳಿದ್ದರು. ನಿವೃತ್ತಿಯಾಗಿ ವರ್ಷಗಳಾಗಿದ್ದ ಮೇಡಂ. ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ಈಗ ಮೊದಲು ಬಿಟ್ಟ ಮಾತಿಗೆ ಬರುತ್ತೇನೆ. ಹತ್ತು ಹನ್ನೊಂದು ವರ್ಷದ ಹಿಂದೆ ನನ್ನ ತಂಡಕ್ಕೆ ಆರು ಜನ ಬೇಕಾಗಿದ್ದರು. ನಾನೂರಕ್ಕೂ ಹೆಚ್ಚು ಬಯೋಡೇಟಾ. ಕಂಪನಿಯ ನಿಯಮ 'ಫುಲ್ ಟೈಮ್ ರೆಗ್ಯುಲರ್ ಡಿಗ್ರಿ ಮಾತ್ರ'. ಆ ಫಿಲ್ಟರಿನಿಂದ ಹೇಗೋ ತಪ್ಪಿಸಿಕೊಂಡು ಒಬ್ಬ ಹುಡುಗ ಸಂದರ್ಶನದ ತನಕ ಬಂದ. ಹಗಲು ಕಂಪ್ಯೂಟರ್ ಆಪರೇಟರ್ ಕೆಲಸ, ರಾತ್ರಿ ಓದು, ದೂರಶಿಕ್ಷಣದಲ್ಲಿ ಎಂ.ಸಿ.ಎ. ತಾಂತ್ರಿಕ ಸುತ್ತಿನಲ್ಲಿ ಅವನದೇ ಎಲ್ಲರಿಗಿಂತ ಒಳ್ಳೆಯ ವರದಿ. ಕೊನೆಗೆ ಎಚ್.ಆರ್.ನವರು ಡಿಗ್ರಿಯ ಸಾಲಿಗೆ ಗುರುತು ಹಾಕಿ ನನ್ನ ಮುಂದಿಟ್ಟರು. ವಿನಾಯಿತಿ ಕೊಡುವ ಅಧಿಕಾರ ನನಗಿತ್ತು, ಅರ್ಧ ಪುಟದ ಮೇಲ್ ಬರೆಯಬೇಕಿತ್ತು ಅಷ್ಟೇ. ಬರೆಯಲಿಲ್ಲ. ನಿಯಮದ ಮೇಲೆ ಹೊರೆ ಹಾಕಿದರೆ ಸುಳ್ಳಾಗುತ್ತದೆ. ಮನೆಯಲ್ಲೇ ಕೂತು ಪಡೆದದ್ದಲ್ಲವೇ ಎಂದು ನಾನೇ ಅಂದುಕೊಂಡಿದ್ದೆ.

2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಎಐಸಿಟಿಇ ಒಪ್ಪಿಗೆಯಿಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟ ಎಂಜಿನಿಯರಿಂಗ್ ಪದವಿಗಳಿಗೆ ಬೆಲೆಯಿಲ್ಲ, 2001ರಿಂದ 2005ರ ನಡುವೆ ಸೇರಿದ್ದವರು ಮತ್ತೆ ಪರೀಕ್ಷೆ ಬರೆದು ಪಾಸಾದರೆ ಮಾತ್ರ ಉಳಿಯುತ್ತದೆ. ಲ್ಯಾಬಿಲ್ಲದ ಎಂಜಿನಿಯರಿಂಗ್ ಬಗ್ಗೆ ಕೋರ್ಟಿನ ಮಾತು ಸರಿಯೇ. ಆದರೂ ಹತ್ತು ಹನ್ನೆರಡು ವರ್ಷ ಕೆಲಸ ಮಾಡಿದ, ತಲೆ ಬೆಳ್ಳಗಾಗುತ್ತಿರುವ ಎಂಜಿನಿಯರುಗಳು ಮತ್ತೆ ಪ್ರಶ್ನೆಪತ್ರಿಕೆ ಹಿಡಿದು ಕೂರುವುದನ್ನು ನೆನೆದು ನನಗೆ ಆ ಹುಡುಗನ ಮುಖ ಕಣ್ಣ ಮುಂದೆ ಬಂತು. ಅವನದು ಎಂಜಿನಿಯರಿಂಗ್ ಅಲ್ಲ, ಮಾನ್ಯತೆಯ ತೊಡಕೂ ಇರಲಿಲ್ಲ. ಮಾನ್ಯತೆ ಇರುವ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಮತ್ತೊಮ್ಮೆ ಸಾರಿ ಹೇಳಿತು. ಅಷ್ಟು ಹೊತ್ತಿಗೆ ನನ್ನ ತಂಡದ ಆರು ಜನ ಎಲ್ಲೆಲ್ಲೋ ಚದುರಿಹೋಗಿದ್ದರು. ಅಮ್ಮನಿಗೆ ಈ ಕಥೆ ಹೇಳಿದ್ದು ಅಟ್ಟದ ಕಟ್ಟು ಸಿಕ್ಕ ಮೇಲೆ. ಅವರು ಬೈಯಲಿಲ್ಲ. "ಅವನ ಹೆಸರೇನು?" ಎಂದರು. ನನಗೆ ನೆನಪಿರಲಿಲ್ಲ.

ನನ್ನ ಎಂ.ಎ. ವಿಷಯಕ್ಕೆ ಬಂದರೆ, ವಿಶ್ವವಿದ್ಯಾಲಯದ ಹೆಸರು ಇಲ್ಲಿ ಬೇಡ. ಎರಡು ವರ್ಷದ ಕೋರ್ಸು ಮೂರನೇ ವರ್ಷಕ್ಕೆ ಬಂದಿದೆ. ಅಮೆರಿಕದ ಕಾಲ್ ಮುಗಿಯುವುದು ರಾತ್ರಿ ಹನ್ನೊಂದಕ್ಕೆ. ಬೆಳಗ್ಗೆ ಐದರಿಂದ ಆರೂವರೆ ನನ್ನ ತರಗತಿ. ಪಾಠಗಳು ನಿಜಕ್ಕೂ ಚೆನ್ನಾಗಿವೆ, ದೇಶದ ಒಳ್ಳೆಯ ಇತಿಹಾಸಕಾರರು ಕೂತು ಬರೆದವು. ಅಸೈನ್‌ಮೆಂಟನ್ನು ಕೈಯಲ್ಲೇ ಬರೆಯಬೇಕು. ಕೊಟ್ಟ ಎಂಟರಲ್ಲಿ ತಿದ್ದಿ ನನ್ನ ಕೈಗೆ ಮರಳಿದ್ದು ಎರಡು. ಉಳಿದವಕ್ಕೆ ಪರದೆಯ ಮೇಲೆ ಒಂದೊಂದು ಅಂಕೆ. ಉತ್ತರಗಳನ್ನು ಬರೆದೇ ಮಾರುವ ಅಂಗಡಿಗಳಿವೆ, ಪುಟಕ್ಕಿಷ್ಟು ಎಂದು. ಯಾರೂ ಓದುವುದಿಲ್ಲ ಎಂದು ಗೊತ್ತಾದ ಮೇಲೆ ಬರೆಯುವವರಾದರೂ ಯಾಕೆ ಬರೆದಾರು?

ಮರಳಿದ ಎರಡರಲ್ಲಿ ಒಂದು ನಗರೀಕರಣದ್ದು. ನಾನು ಉತ್ಸಾಹದಿಂದ ಮೂಸಿ ನದಿಯ ಬಗ್ಗೆ ಬರೆದಿದ್ದೆ. 1908ರ ಸೆಪ್ಟೆಂಬರ್ 28ರ ಮಹಾಪೂರ, ಅಫ್ಜಲ್‌ಗಂಜಿನ ಹುಣಸೆ ಮರ ಹತ್ತಿ ಬದುಕಿದ ಸುಮಾರು ನೂರೈವತ್ತು ಜನ, 1909ರಲ್ಲಿ ನಿಜಾಮರ ಕರೆಗೆ ಬಂದ ನಮ್ಮ ವಿಶ್ವೇಶ್ವರಯ್ಯನವರು, ಅವರ ಸಲಹೆಯಂತೆ ಮೂಸಿ ಮತ್ತು ಈಸಿಗೆ ಕಟ್ಟಿದ ಜಲಾಶಯಗಳು, 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ. ಹೈದರಾಬಾದಿನ ಕನ್ನಡಿಗನಿಗೆ ಇದಕ್ಕಿಂತ ಇಷ್ಟದ ಅಧ್ಯಾಯ ಬೇರೆ ಇಲ್ಲ. ಹನ್ನೆರಡು ಪುಟ. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಮಾತು, ಇಂಗ್ಲಿಷಿನಲ್ಲಿ: ನೀರನ್ನು ಎಲ್ಲಿ ನಿಲ್ಲಿಸಿದರು ಎಂದು ಬರೆದಿದ್ದೀರಿ, ದಂಡೆಯ ಮೇಲಿದ್ದ ಜನ ಎಲ್ಲಿಗೆ ಹೋದರು?

ಮೂರು ದಿನ ಸಿಟ್ಟಿನಲ್ಲಿದ್ದೆ. ಪ್ರಶ್ನೆಯಲ್ಲಿ ಅದನ್ನು ಕೇಳಿರಲಿಲ್ಲ. ನಾಲ್ಕನೇ ದಿನ, ಭಾನುವಾರ, ಚಾದರ್‌ಘಾಟ್ ಸೇತುವೆಯ ಹತ್ತಿರ ಗಾಡಿ ನಿಲ್ಲಿಸಿ ದಂಡೆಗುಂಟ ನಡೆದೆ. ಅದು 2024ರ ಅಕ್ಟೋಬರ್, ಮೂಸಿ ಅಭಿವೃದ್ಧಿಗೆಂದು ದಂಡೆಯ ಮನೆಗಳಿಗೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಖಾಲಿ ಮಾಡಿಸುತ್ತಿದ್ದ ಕಾಲ. ಒಂದು ಗೋಡೆಯ ಪಕ್ಕ ಅಜ್ಜಿಯೊಬ್ಬರು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು. ನನ್ನ ಹರಕು ಹಿಂದಿಯಲ್ಲಿ ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂದೆ. ನೀನು ಸರ್ಕಾರದವನೋ ಎಂದರು. ಅಲ್ಲ, ವಿದ್ಯಾರ್ಥಿ ಎಂದೆ. ಮೇಲಿಂದ ಕೆಳಗೆ ಒಮ್ಮೆ ನೋಡಿ ಚೀಲದ ಇನ್ನೊಂದು ತುದಿ ಹಿಡಿದುಕೋ ಎಂದರು.

ಆಮೇಲೆ ಹಲವು ಭಾನುವಾರ ಹೋಗಿದ್ದೇನೆ. ಆ ಮಾತುಕತೆಗಳನ್ನು ಬರೆದಿಟ್ಟ ನೋಟ್‌ಪುಸ್ತಕ ಈಗ ಮೂರನೆಯದು. ಅದು ಯಾವ ಅಸೈನ್‌ಮೆಂಟಿಗೂ ಅಲ್ಲ, ಅಂಕವಿಲ್ಲ. ನೂರು ವರ್ಷದ ಹಿಂದಿನವರು ಎಲ್ಲಿ ಹೋದರು ಎಂಬುದಕ್ಕೆ ಉತ್ತರ ಇನ್ನೂ ಸಿಕ್ಕಿಲ್ಲ. ಈಗಿನವರಲ್ಲಿ ಕೆಲವರು ಎಲ್ಲಿ ಹೋದರೆಂದು ಗೊತ್ತಿದೆ. ಪ್ರಶ್ನೆ ಕೇಳಿದ ಟ್ಯೂಟರಿಗೆ ಇದನ್ನು ತಿಳಿಸೋಣವೆಂದು ಅಧ್ಯಯನ ಕೇಂದ್ರಕ್ಕೆ ಹೋದರೆ ಅವರು ಯಾರೆಂದು ಅಲ್ಲಿ ಯಾರಿಗೂ ಹೇಳಲಾಗಲಿಲ್ಲ. ಅಕ್ಷರ ನೋಡಿದರೆ ವಯಸ್ಸಾದವರಿರಬೇಕು.

ಈ ತಿಂಗಳು ಇನ್ನೊಂದು ಕೆಲಸ ಹಚ್ಚಿಕೊಂಡಿದ್ದೇನೆ. ಅಮ್ಮನಿಗೆ ಅಂದು ಸಿಗದ ರೈಸ್ ಸಾಹೇಬರ ಹಾಸನ ಸಂಪುಟ, 1902ರದು, ಈಗ ಸ್ಕ್ಯಾನ್ ಪ್ರತಿಯಾಗಿ ಫೋನಿನಲ್ಲೇ ಸಿಗುತ್ತದೆ. ಅರಸೀಕೆರೆ ತಾಲ್ಲೂಕಿನ ಪುಟಗಳನ್ನು ಒಂದೊಂದಾಗಿ ನೋಡಿದೆ. ನಮ್ಮ ಊರಿನ ಹೆಸರು ಕಾಣಲಿಲ್ಲ. ಇದ್ದಿಲಿನ ಪಡಿಯಚ್ಚಿನ ಫೋಟೋ ತೆಗೆದು ಪಕ್ಕದಲ್ಲಿಟ್ಟು ಹೋಲಿಸಿದೆ, ಮೂರು ಅಕ್ಷರಕ್ಕಿಂತ ಮುಂದೆ ಹೋಗಲಾಗಲಿಲ್ಲ. ಸಿಗಲಿಲ್ಲಮ್ಮ ಎಂದು ನಿನ್ನೆ ರಾತ್ರಿ ಫೋನಿನಲ್ಲಿ ಹೇಳಿದೆ.

"ಈಗಿನ ಹೆಸರಲ್ಲಿ ಹುಡುಕಿದ್ಯಾ?"

"ಹೂಂ."

"ನಮ್ಮ ಅಜ್ಜಿ ಆ ಊರಿಗೆ ಬೇರೆ ಹೆಸರು ಹೇಳೋರು. ಬರ್ಕೋ."

ನಾನು ಪೆನ್ನು ಹುಡುಕತೊಡಗಿದೆ.